ಎದುರು ನೀರು

ನಮ್ಮೂರ ಹೆಸರು ಬರೆಯುವುದು ಕೈರೋ,
ಕರೆಯುವುದು ಕೇರೋ.
ಸಿನಿಮಾದವರು ಬಂದ ದಿನವೇ ತಪ್ಪಾಗಿ ಕರೆದರು,
ತಿದ್ದಲಿಲ್ಲ ನಾನು. ದಿನಗೂಲಿ ಮುನ್ನೂರು ಡಾಲರು.

ಮೂವತ್ತೊಂದು ವರ್ಷ ಬಾರ್ಜುಗಳಿಗೆ ಹಗ್ಗ ಬಿಗಿದ ಕೈ ಇದು.
ಇದರ ಕಿರುಬೆರಳು ಮೆಂಫಿಸ್ಸಿನ ಕೆಳಗೆಲ್ಲೋ ನೀರಿನಲ್ಲಿದೆ.
ಅದಕ್ಕೇ ಇರಬೇಕು, ತೆಪ್ಪದ ಕೆಲಸ ನನಗೆ ಕೊಟ್ಟರು.

ತೆಪ್ಪವೆಂದರೆ ಪೈನ್ ಹಲಗೆ ಹನ್ನೆರಡು,
ಅಡಿಯಲ್ಲಿ ನೀಲಿ ಪ್ಲಾಸ್ಟಿಕ್ ಪೀಪಾಯಿ ಎಂಟು,
ಪೀಪಾಯಿ ಕಾಣದ ಹಾಗೆ ಸುತ್ತ ಗೋಣಿ.
ಮೂತಿಯಿಂದ ಉಕ್ಕಿನ ತಂತಿ, ನೀರೊಳಗೆ ನಲವತ್ತು ಗಜ,
ಆ ತುದಿಗೆ ನನ್ನ ಮೋಟಾರು ದೋಣಿ,
ಚೌಕಟ್ಟಿನ ಹೊರಗೆ. ಸದ್ದನ್ನು ಆಮೇಲೆ ಅಳಿಸುತ್ತಾರಂತೆ.

ತೆಪ್ಪದ ಮೇಲೆ ಒಬ್ಬ ಹುಡುಗ, ಒಬ್ಬ ಓಡಿಬಂದ ಗುಲಾಮ.
ಹುಡುಗನಿಗೆ ಈಜು ಬಾರದು; ಹರಕು ಅಂಗಿಯ ಒಳಗೆ
ತೇಲುವ ಜಾಕೀಟು, ಅದಕ್ಕೇ ಅವನು
ಸದಾ ಎದೆಯುಬ್ಬಿಸಿ ನಿಂತಂತೆ ಕಾಣುತ್ತಾನೆ.
ಇನ್ನೊಬ್ಬ ಎಮರಿ ಟೋಲ್ಸನ್, ಡೆಟ್ರಾಯಿಟಿನವನು.
ಊಟದ ಹೊತ್ತು ಪಕ್ಕದಲ್ಲಿ ಕೂತು ಕೇಳಿದ:
“ಹಿರಿಯರೇ, ಇಲ್ಲಿಂದ ಬಿಡುಗಡೆ ಯಾವ ಕಡೆ?”

ಬೆರಳಿಲ್ಲದ ಕೈಯಲ್ಲೇ ತೋರಿಸಿದೆ.
ಅಗೋ, ಆ ಮೂಲೆಯಲ್ಲಿ ಒಹಾಯೊ ಬಂದು ಸೇರುತ್ತದೆ.
ಅದರ ನೀರು ಹಸಿರು, ಇದರದ್ದು ಕಂದು,
ಸೇರಿದ ಮೇಲೂ ಬಹಳ ದೂರ
ಮಾತು ಬಿಟ್ಟ ದಾಯಾದಿಗಳ ಹಾಗೆ
ಒಂದೇ ಪಾತ್ರದಲ್ಲಿ ಬೇರೆ ಬೇರೆ ಹರಿಯುತ್ತವೆ.
ಕಥೆಯವನು ಹತ್ತಬೇಕಿದ್ದದ್ದು ಆ ಹಸಿರನ್ನು.
ಮಂಜಿನಲ್ಲಿ ಕಾಣದೆ ಹೋಯಿತು.
ಆಮೇಲೆ ಹೊಳೆ ಅವನನ್ನು ಒಯ್ದದ್ದು ತೆಂಕಣಕ್ಕೆ,
ಹತ್ತಿ ಹೊಲಗಳಿಗೆ,
ಸಂತೆಯಲ್ಲಿ ಮನುಷ್ಯರ ಹಲ್ಲು ಎಣಿಸಿ ಬೆಲೆ ಕಟ್ಟುವಲ್ಲಿಗೆ.

“ಮನೆಮಂದಿ ಕೂತು ನೋಡುವ ಚಿತ್ರ”
ದಿನಕ್ಕೆ ಹತ್ತು ಸಲ ನೆನಪಿಸುತ್ತಿದ್ದಳು ನಿರ್ದೇಶಕಿ.
ಹಾಗಾಗಿ ಸರಪಳಿಯ ದೃಶ್ಯ ಬಿಟ್ಟರು.
ರಬ್ಬರಿನ ಸರಪಳಿ, ಕಪ್ಪು ಬಳಿದದ್ದು,
ತೋಟಕ್ಕೆ ನೀರು ಬಿಡುವ ಕೊಳವೆಗಿಂತ ಹಗುರ.
ಆ ಒಂದು ಬೈಗುಳ ಇದ್ದಲ್ಲೆಲ್ಲ “ಗೆಳೆಯಾ” ಬಂತು.
ಎರಡು ತಾಸು ಕೂತು ಬೆನ್ನಿಗೆ ಬಾಸುಂಡೆ ಅಂಟಿಸಿದ್ದರು,
ಅದರ ಮೇಲೊಂದು ಅಂಗಿ ತೊಡಿಸಿದರು.
ಎಮರಿ ಮಾತಾಡಲಿಲ್ಲ.
ಗುಂಡಿ ಹಾಕಿಕೊಂಡ, ಕೊರಳವರೆಗೂ.

ಐದನೆಯ ದಿನ ಬೆಳಕು ಕೈಕೊಟ್ಟಿತು.
ಕೆಳಕ್ಕೆ ತೇಲಿದರೆ ಇಬ್ಬರ ಕಣ್ಣಿಗೂ ಬಿಸಿಲು,
ಮುಖ ಕಿವುಚುತ್ತಾರೆ.
ತಿರುಗಿಸಿ, ಮೇಲಕ್ಕೆ ಎಳೆಯಿರಿ, ಅಂದಳು.
ನೋಡುವವರಿಗೆ ಏನು ಗೊತ್ತಾಗುತ್ತೆ,
ನೀರು ನೀರೇ ಅಲ್ಲವಾ.

ಎಂಜಿನ್ನು ಕೆಮ್ಮಿತು. ತಂತಿ ನೀರಿನಿಂದೆದ್ದು ಝುಂ ಎಂದಿತು.
ಪೀಪಾಯಿ, ಹಲಗೆ, ಹುಡುಗ, ಎಮರಿ,
ಇಡೀ ಕಥೆ ಹೊರಟಿತು ಎದುರು ನೀರಿಗೆ,
ಬಡಗಣಕ್ಕೆ, ತಾಸಿಗೆ ಮೂರು ಮೈಲಿ.
ಹೊಳೆ ತನ್ನ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ಜಗ್ಗಿತು.
ನನಗೆ ಗುರುತಿದ್ದ ಭಾರ ಅದು.
ಆರು ಸಲ ತೆಗೆದರು. ಸಾಕು ಅಂದರು.
ತಂತಿ ಎಲ್ಲೋ ಸಡಿಲಿತ್ತೆಂದು ಸುಳ್ಳು ಹೇಳಿ
ಏಳನೆಯ ಸಲ ಎಳೆದೆ ನಾನು,
ಹಸಿರು ನೀರು ಕಾಣುವವರೆಗೆ.

ನವೆಂಬರಿನಲ್ಲಿ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಪರದೆ ಕಟ್ಟಿದರು.
ಊರಿನ ಟಾಕೀಸು ಬಾಗಿಲು ಹಾಕಿ ಎಷ್ಟೋ ವರ್ಷ.
ಪಾಪ್‌ಕಾರ್ನ್, ಒದ್ದೆ ಕೋಟುಗಳ ವಾಸನೆ.
ಪಿಟೀಲು ನುಡಿಯಿತು, ಹುಡುಗ ನಕ್ಕ, ಎಲ್ಲರೂ ನಕ್ಕರು.
ಮೊಮ್ಮಗಳು ಓಡೆಲ್, ಏಳು ವರ್ಷ, ತೋಳು ಜಗ್ಗಿದಳು:
“ತಾತಾ, ನೀರು ಉಲ್ಟಾ ಹೋಗ್ತಿದೆ.”
ಹೂಂ.
“ಮತ್ತೆ ಇವರು ಹೇಗೆ ಮುಂದೆ ಹೋಗ್ತಿದಾರೆ?”
ಮುಂದಿನ ಸಾಲಿನವರು ತಿರುಗಿ ಉಶ್ ಅಂದರು.
ಯಾರೋ ಎಳೀತಿದಾರೆ, ಅಂದೆ ಮೆಲ್ಲಗೆ.

ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ?
ಹೆಸರುಗಳು ಮೇಲೇರುವಷ್ಟರಲ್ಲಿ ಜನ ಎದ್ದಿದ್ದರು,
ನನ್ನದು ಬಂತೋ ಇಲ್ಲವೋ ನೋಡಲಿಲ್ಲ.
ಓಡೆಲ್ ಮಾತ್ರ ಕುರ್ಚಿಯ ಮೇಲೆ ಮೊಣಕಾಲೂರಿ
ಪರದೆಯ ಅಂಚನ್ನೇ ನೋಡುತ್ತಿದ್ದಳು,
ಬಟ್ಟೆ ಮುಗಿದು ಗೋಡೆ ಶುರುವಾಗುವ ಕಡೆ,
ಹೊರಬಾಗಿಲ ಕೆಂಪು ದೀಪ ಉರಿಯುತ್ತಿದ್ದ ಕಡೆ.